ಜಾವಾ ಅಪ್ಲಿಕೇಶನ್‌ಗೆ ಲಾಗಿಂಗ್: ನಾಳೆ ಬದಲಿಸಲು ಬರುವಂತೆ ಇವತ್ತೇ ಕೂಡಿಸುವ ಬಗೆ

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ ಕಡೆಯ ಕಾರ್ಖಾನೆ ಯಾರ್ಡ್‌ಗಳಲ್ಲಿ ರಾತ್ರಿ ಎರಡು ಗಂಟೆಗೂ ಟ್ರ್ಯಾಕ್ಟರ್ ಸಾಲು ಕರಗುವುದಿಲ್ಲ. ಆ ಹೊತ್ತಿನಲ್ಲಿ ತೂಕದ ಕಾಟಾ ಮೇಲೆ ನಿಂತ ಗಾಡಿಗೆ ಚೀಟಿ ಬರಲಿಲ್ಲ ಅನ್ನಿ. ಡ್ರೈವರ್ ಇಳಿದು ಬಂದು ಕಿಟಕಿ ಬಡಿಯುತ್ತಾನೆ, ಹಿಂದಿನ ಗಾಡಿಯವರು ಹಾರ್ನ್ ಹೊಡೆಯುತ್ತಾರೆ, ಆಪರೇಟರ್ ಸಾಫ್ಟ್‌ವೇರ್‌ನವರಿಗೆ ಫೋನ್ ಹಚ್ಚುತ್ತಾನೆ. ಸಾಫ್ಟ್‌ವೇರ್‌ನವರು ಮೊದಲು ತೆರೆಯುವುದು ಲಾಗ್ ಫೈಲ್, ಅಂದರೆ ಪ್ರೋಗ್ರಾಂ ತಾನು ಮಾಡಿದ್ದನ್ನು ಸಾಲುಸಾಲಾಗಿ ಬರೆದಿಟ್ಟ ದಿನಚರಿ. ಅದರೊಳಗೆ ‘ಎರರ್: ನಲ್’ ಎಂಬ ಒಂದೇ ಸಾಲಿದ್ದರೆ ಬೆಳಗಿನವರೆಗೂ ಊಹೆಯೇ ಗತಿ.

ಬೆಳಗಾವಿಯ ಒಂದು ಸಣ್ಣ ತಂಡ ಇಂಥ ಕಾಟಾಕ್ಕೆ ಜಾವಾದಲ್ಲಿ ಪ್ರೋಗ್ರಾಂ ಬರೆಯುತ್ತಿದೆ ಎಂದಿಟ್ಟುಕೊಂಡು ಮುಂದಿನದನ್ನು ಓದಿ. ಈಗ ಅದು ಒಂದು ವಿಂಡೋಸ್ ಪಿಸಿ ಮೇಲೆ ಓಡುತ್ತದೆ. ಎರಡು ಹಂಗಾಮು ಕಳೆಯುವಷ್ಟರಲ್ಲಿ ನಾಲ್ಕು ಕಾಟಾ ಆಗುತ್ತವೆ, ಸರ್ವರ್ ಕ್ಲೌಡ್‌ಗೆ ಹೋಗುತ್ತದೆ, ಲಾಗ್‌ಗಳನ್ನೆಲ್ಲ ಒಂದೇ ಕಡೆ ಜೆಸಾನ್ (ಯಂತ್ರ ಓದಲು ಸುಲಭವಾದ ಪಠ್ಯ ವಿನ್ಯಾಸ) ರೂಪದಲ್ಲಿ ಕೊಡಿ ಎಂದು ಯಾರೋ ಕೇಳುತ್ತಾರೆ. ಲಾಗ್ ಎಲ್ಲಿಗೆ ಹೋಗಬೇಕು, ಯಾವ ಆಕಾರದಲ್ಲಿ, ಎಷ್ಟು ದಿನ ಇರಬೇಕು ಎನ್ನುವುದೆಲ್ಲ ಆಗ ಬದಲಾಗುತ್ತದೆ. ಜಾವಾ ಕೋಡಿನಲ್ಲಿ ಮಾತ್ರ ಒಂದು ಸಾಲೂ ಬದಲಾಗಬಾರದು. ಲಾಗ್ ಬರೆಯುವ ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ಆರಿಸುವಾಗ ಹಚ್ಚಬೇಕಾದ ಒರೆಗಲ್ಲು ಇದೊಂದೇ. ಯಾವುದು ಮೈಕ್ರೋಸೆಕೆಂಡ್ ಬೇಗ ಎಂಬ ಜಗಳ ಆಮೇಲಿನದು.

ಕೋಡಿಗೆ ಮುಖ ಮಾತ್ರ ಗೊತ್ತಿರಲಿ

ಜಾವಾ ಲಾಗಿಂಗ್‌ನಲ್ಲಿ ಎರಡು ಪದರಗಳಿವೆ. ಮೇಲಿನದು ಕೋಡು ಕರೆಯುವ ಇಂಟರ್‌ಫೇಸ್. ಕೆಳಗಿನದು ಸಾಲನ್ನು ನಿಜವಾಗಿ ಫೈಲಿಗೋ ಕನ್ಸೋಲ್‌ಗೋ ಬರೆಯುವ ಎಂಜಿನ್. ಮೇಲಿನ ಪದರಕ್ಕೆ ಎಸ್‌ಎಲ್‌ಎಫ್4ಜೆ ಎಂಬ ಲೈಬ್ರರಿ ಹಾಕಿ. ಕೆಳಗಿನದಕ್ಕೆ ಲಾಗ್‌ಬ್ಯಾಕ್, ಲಾಗ್4ಜೆ 2, ಅಥವಾ ಜೆಡಿಕೆ (ಜಾವಾದ ಮೂಲ ಉಪಕರಣಗಳ ಕಟ್ಟು) ಜೊತೆಗೇ 1.4ನೇ ಆವೃತ್ತಿಯಿಂದ ಬರುತ್ತಿರುವ ಜಾವಾ ಯುಟಿಲ್ ಲಾಗಿಂಗ್, ಯಾವುದನ್ನಾದರೂ ಕೂಡಿಸಬಹುದು.

ಇದನ್ನು ಬಾಯಿಮಾತಿನ ನಿಯಮವಾಗಿ ಬಿಟ್ಟರೆ ಆರು ತಿಂಗಳಲ್ಲಿ ಮುರಿಯುತ್ತದೆ. ಐಡಿಇ (ಕೋಡು ಬರೆಯುವ ಎಡಿಟರ್) ಕೊಡುವ ಸಲಹಾಪಟ್ಟಿಯಲ್ಲಿ ‘ಲಾಗರ್’ ಎಂಬ ಹೆಸರಿನ ನಾಲ್ಕೈದು ಕ್ಲಾಸ್‌ಗಳು ಸಿಗುತ್ತವೆ. ಹೊಸ ಹುಡುಗ ಮೊದಲನೆಯದನ್ನು ಒತ್ತುತ್ತಾನೆ, ಲಾಗ್‌ಬ್ಯಾಕ್‌ನ ಒಳಗಿನ ಕ್ಲಾಸ್ ಇಂಪೋರ್ಟ್ ಆಗಿಬಿಡುತ್ತದೆ. ಅದಕ್ಕೆ ಬಿಲ್ಡ್ ಫೈಲಿನಲ್ಲೇ ಬೇಲಿ ಹಾಕಿ: ಎಸ್‌ಎಲ್‌ಎಫ್4ಜೆ-ಎಪಿಐ ಜಾರ್‌ಗೆ (ಜಾರ್ ಎಂದರೆ ಜಾವಾ ಲೈಬ್ರರಿಯ ಫೈಲ್) ಮಾವೆನ್ ಎಂಬ ಬಿಲ್ಡ್ ಉಪಕರಣದ ಕಂಪೈಲ್ ಸ್ಕೋಪ್, ಲಾಗ್‌ಬ್ಯಾಕ್-ಕ್ಲಾಸಿಕ್‌ಗೆ ರನ್‌ಟೈಮ್ ಸ್ಕೋಪ್, ಅಂದರೆ ಓಡುವಾಗ ಮಾತ್ರ ಕಾಣುವಂತೆ. ಆಗ ತಪ್ಪು ಇಂಪೋರ್ಟ್ ಕಂಪೈಲ್‌ನಲ್ಲೇ ನಿಲ್ಲುತ್ತದೆ.

ಹಲವು ಪ್ರಾಜೆಕ್ಟ್‌ಗಳಿಗೆ ಹಂಚಿಕೊಳ್ಳುವ ಲೈಬ್ರರಿ ಬರೆಯುತ್ತಿದ್ದರೆ ನಿಯಮ ಇನ್ನೂ ಬಿಗಿ. ತೂಕ ತೋರಿಸುವ ಕಾಟಾ ಇಂಡಿಕೇಟರ್‌ನ ಸೀರಿಯಲ್ ಪೋರ್ಟ್ ಓದುವ ಲೈಬ್ರರಿ ಎನ್ನಿ. ಅದಕ್ಕೆ ಎಪಿಐ ಜಾರ್ ಒಂದೇ ಸಾಕು, ಎಂಜಿನ್ ಟೆಸ್ಟ್ ಸ್ಕೋಪ್‌ನಲ್ಲಿ ಮಾತ್ರ ಇರಲಿ. ಎಂಜಿನ್ ಯಾವುದು ಎಂದು ಹೇಳುವ ಹಕ್ಕು ಕೊನೆಯ ಅಪ್ಲಿಕೇಶನ್‌ಗೆ ಸೇರಿದ್ದು. ಲೈಬ್ರರಿ ತನ್ನ ಜೊತೆ ಎಂಜಿನ್ ಹೊತ್ತು ತಂದರೆ, ಬೀಗರ ಮನೆಗೆ ಊಟಕ್ಕೆ ಹೋದವರು ಒಲೆಯನ್ನೂ ಹೊತ್ತುಕೊಂಡು ಹೋದಂತೆ.

ಎಸ್‌ಎಲ್‌ಎಫ್4ಜೆ ಬೇಡ, ಹೊರಗಿನ ಒಂದೂ ಜಾರ್ ಬೇಡ ಎನ್ನುವವರಿಗೆ ಜಾವಾ 9ರಿಂದ ಸಿಸ್ಟಮ್ ಡಾಟ್ ಲಾಗರ್ ಇದೆ. ಚಿಕ್ಕ ಲೈಬ್ರರಿಗೆ ಅದು ಸಾಕಾಗುತ್ತದೆ. ದೊಡ್ಡ ಅಪ್ಲಿಕೇಶನ್‌ಗೆ ಅದರ ಸೌಲಭ್ಯ ಕಡಿಮೆ ಬೀಳುತ್ತದೆ.

ಎಂಜಿನ್ ಯಾವುದು

ಸ್ಪ್ರಿಂಗ್ ಬೂಟ್ ಎಂಬ ಜಾವಾ ಚೌಕಟ್ಟು ಬಳಸುತ್ತಿದ್ದರೆ ಲಾಗ್‌ಬ್ಯಾಕ್ ಮೊದಲೇ ಕೂತಿರುತ್ತದೆ. ಗಟ್ಟಿ ಕಾರಣವಿಲ್ಲದೆ ಅದನ್ನು ಎಬ್ಬಿಸಬೇಡಿ. ಸೆಕೆಂಡಿಗೆ ಹತ್ತಾರು ಸಾವಿರ ಸಾಲು ಬರೆಯುವ ಪೇಮೆಂಟ್ ಗೇಟ್‌ವೇಯಂಥ ಕೆಲಸವಿದ್ದರೆ ಲಾಗ್4ಜೆ 2ರ ಅಸಿಂಕ್ ಲಾಗರ್ (ಕೋಡನ್ನು ಕಾಯಿಸದೆ ಹಿನ್ನೆಲೆಯಲ್ಲಿ ಬರೆಯುವುದು) ಒಳ್ಳೆಯದು. ಅದರೊಳಗೆ ಕೆಲಸ ಮಾಡುವುದು ಡಿಸ್ರಪ್ಟರ್ ಎಂಬ ರಿಂಗ್ ಬಫರ್. ಆ ಜಾರ್ ಬೇರೆಯಾಗಿ ಸೇರಿಸಬೇಕು, ಅದನ್ನು ಮರೆತವರೇ ಹೆಚ್ಚು. ಕಮಾಂಡ್‌ಲೈನ್‌ನ ಸಣ್ಣ ಉಪಕರಣಕ್ಕೆ ಎಸ್‌ಎಲ್‌ಎಫ್4ಜೆ-ಸಿಂಪಲ್ ಧಾರಾಳ.

ಆವೃತ್ತಿಗಳ ಜೋಡಿ ತಪ್ಪಬಾರದು. ಎಸ್‌ಎಲ್‌ಎಫ್4ಜೆ 1.7ಕ್ಕೆ ಲಾಗ್‌ಬ್ಯಾಕ್ 1.2. ಎಸ್‌ಎಲ್‌ಎಫ್4ಜೆ 2.0ಕ್ಕೆ ಲಾಗ್‌ಬ್ಯಾಕ್ 1.3 ಅಥವಾ ಅದರ ಮೇಲಿನದು: ಜಾವಾ 8 ಇದ್ದರೆ 1.3, ಜಾವಾ 11 ಮತ್ತು ಮೇಲೆ ಇದ್ದರೆ 1.5. ಲಾಗ್4ಜೆ 2ರಲ್ಲೂ ಹೀಗೇ, 1.7ಕ್ಕೆ ಲಾಗ್4ಜೆ-ಎಸ್‌ಎಲ್‌ಎಫ್4ಜೆ-ಇಂಪ್ಲ್, 2.0ಕ್ಕೆ ಲಾಗ್4ಜೆ-ಎಸ್‌ಎಲ್‌ಎಫ್4ಜೆ2-ಇಂಪ್ಲ್. ಹೆಸರಿನಲ್ಲಿ ಒಂದು ‘2’ ಮಾತ್ರ ವ್ಯತ್ಯಾಸ. ಅದು ತಪ್ಪಿದರೆ ಅಪ್ಲಿಕೇಶನ್ ಏಳುತ್ತದೆ, ಲಾಗ್ ಮಾತ್ರ ಬರುವುದಿಲ್ಲ. ಕಾರಣ ಇಷ್ಟು: 1.7 ತನ್ನ ಎಂಜಿನ್ ಅನ್ನು ಸ್ಟ್ಯಾಟಿಕ್ ಲಾಗರ್ ಬೈಂಡರ್ ಎಂಬ ಕ್ಲಾಸ್ ಮೂಲಕ ಹುಡುಕುತ್ತಿತ್ತು, 2.0 ಜಾವಾದ ಸರ್ವೀಸ್ ಲೋಡರ್ ಮೂಲಕ ಹುಡುಕುತ್ತದೆ. ಹಳೆಯ ಎಂಜಿನ್ ಎದುರಿಗೇ ಇದ್ದರೂ ಹೊಸ ಎಪಿಐಗೆ ಅದು ಕಾಣುವುದಿಲ್ಲ.

ಲಾಗ್4ಜೆ 1 ಇನ್ನೂ ಓಡುತ್ತಿರುವ ಕಡೆಗಳಿವೆ. ಅದನ್ನು ನೋಡಿಕೊಳ್ಳುತ್ತಿದ್ದ ಅಪಾಚೆ ಸಂಸ್ಥೆ ಅದರ ಕೈ ಬಿಟ್ಟಿದ್ದು ಆಗಸ್ಟ್ 2015ರಲ್ಲಿ. ಕೋಡನ್ನು ಕೂಡಲೇ ತಿದ್ದಲಾಗದಿದ್ದರೆ ಹಳೆಯ ಜಾರ್ ಕಿತ್ತು ಆ ಜಾಗಕ್ಕೆ ರಿಲೋಡ್4ಜೆ ಹಾಕಿ. ಅದೇ ಕೋಡಿನಿಂದ 2022ರಲ್ಲಿ ಕವಲೊಡೆದು ಭದ್ರತೆಯ ತೂತುಗಳನ್ನು ಮುಚ್ಚಿಕೊಂಡ ಜಾರ್ ಅದು. ಇದು ತಾತ್ಕಾಲಿಕ ಕಟ್ಟು; ಗಾಯ ಮಾಯುವುದು ಎಸ್‌ಎಲ್‌ಎಫ್4ಜೆಗೆ ಬಂದಾಗಲೇ.

ಎರಡು ಪದರ ಏಕೆ ಬೇಕು ಎಂದು ಕೇಳುವವರಿಗೆ ಡಿಸೆಂಬರ್ 2021 ತೋರಿಸಿ. ಲಾಗ್4ಜೆ 2ರಲ್ಲಿ ಸಿವಿಇ-2021-44228 ಎಂಬ ಸಂಖ್ಯೆಯ ಭದ್ರತಾ ತೂತು ಬಯಲಾಯಿತು. ತೀವ್ರತೆಯ ಅಂಕ ಹತ್ತಕ್ಕೆ ಹತ್ತು. ಲಾಗ್ ಆಗುವ ಪಠ್ಯದೊಳಗೆ ಒಂದು ವಿಶೇಷ ಸಾಲು ತುರುಕಿದರೆ ಸರ್ವರ್ ತಾನಾಗಿ ಹೊರಗಿನಿಂದ ಕೋಡು ತಂದು ಓಡಿಸುತ್ತಿತ್ತು. ಒಂದೇ ತಿಂಗಳಲ್ಲಿ 2.15.0, 2.16.0, 2.17.0, 2.17.1 ಎಂದು ನಾಲ್ಕು ತೇಪೆ ಬಂದವು. ಎಂಜಿನ್ ಒಂದೇ ಕಡೆ, ರನ್‌ಟೈಮ್ ಜಾರ್ ಆಗಿ ಇದ್ದವರಿಗೆ ಅದು ಬಿಲ್ಡ್ ಫೈಲಿನಲ್ಲಿ ಒಂದು ಅಂಕಿ ತಿದ್ದುವ ಕೆಲಸ. ಬೇರೆ ಜಾರ್‌ಗಳ ಹೊಟ್ಟೆಯಲ್ಲಿ ಸೇರಿಕೊಂಡಿದ್ದವರಿಗೆ ಎಲ್ಲಿದೆ ಎಂದು ಹುಡುಕುವುದೇ ದೊಡ್ಡ ಕೆಲಸವಾಯಿತು.

ಜಾರ್‌ಗಳ ಸಿಕ್ಕು

ನೀವು ಎಸ್‌ಎಲ್‌ಎಫ್4ಜೆ ಆರಿಸಿದಿರಿ, ಸರಿ. ನೀವು ಬಳಸುವ ಪಿಡಿಎಫ್ ಲೈಬ್ರರಿ ಕಾಮನ್ಸ್ ಲಾಗಿಂಗ್ ಕರೆಯುತ್ತದೆ, ಹಳೆಯ ಎಕ್ಸೆಲ್ ಉಪಕರಣ ಲಾಗ್4ಜೆ 1 ಕೇಳುತ್ತದೆ, ಡೇಟಾಬೇಸ್ ಡ್ರೈವರ್ ಜಾವಾ ಯುಟಿಲ್ ಲಾಗಿಂಗ್‌ಗೆ ಬರೆಯುತ್ತದೆ. ಇವೆಲ್ಲ ಒಂದೇ ಕಾಲುವೆಗೆ ಹರಿಯಲೆಂದೇ ಸೇತುವೆ ಜಾರ್‌ಗಳಿವೆ: ಜೆಸಿಎಲ್-ಓವರ್-ಎಸ್‌ಎಲ್‌ಎಫ್4ಜೆ, ಲಾಗ್4ಜೆ-ಓವರ್-ಎಸ್‌ಎಲ್‌ಎಫ್4ಜೆ, ಜೆಯುಎಲ್-ಟು-ಎಸ್‌ಎಲ್‌ಎಫ್4ಜೆ. ಮೊದಲಿನ ಎರಡು ಮೂಲ ಜಾರ್‌ನ ಕ್ಲಾಸ್ ಹೆಸರುಗಳನ್ನೇ ಹೊತ್ತು ಅದರ ಜಾಗದಲ್ಲಿ ಕೂರುತ್ತವೆ. ಆದ್ದರಿಂದ ಮೂಲದ ಕಾಮನ್ಸ್-ಲಾಗಿಂಗ್ ಮತ್ತು ಲಾಗ್4ಜೆ ಜಾರ್‌ಗಳನ್ನು ಎಕ್ಸ್‌ಕ್ಲೂಡ್ ಮಾಡಲೇಬೇಕು. ಎರಡೂ ಇದ್ದರೆ ಯಾವುದು ಮೊದಲು ಲೋಡ್ ಆಗುತ್ತದೋ ಅದರದೇ ದರ್ಬಾರು.

ಮೂರನೆಯದು ಬೇರೆ ಜಾತಿ. ಜಾವಾ ಯುಟಿಲ್ ಲಾಗಿಂಗ್ ಜೆಡಿಕೆಯೊಳಗೇ ಇರುವುದರಿಂದ ಅದರ ಕ್ಲಾಸ್‌ಗಳನ್ನು ಬದಲಿಸಲು ಬರುವುದಿಲ್ಲ. ಪ್ರತಿ ಸಾಲನ್ನೂ ತರ್ಜುಮೆ ಮಾಡಿ ದಾಟಿಸಬೇಕು. ಅಪ್ಲಿಕೇಶನ್ ಶುರುವಾಗುವಾಗ ಎಸ್‌ಎಲ್‌ಎಫ್4ಜೆ ಬ್ರಿಡ್ಜ್ ಹ್ಯಾಂಡ್ಲರ್ ಅನ್ನು ಇನ್‌ಸ್ಟಾಲ್ ಮಾಡುವ ಕೆಲಸವೂ ಇದೆ. ಸ್ಪ್ರಿಂಗ್ ಬೂಟ್ ಇದನ್ನು ತಾನೇ ಮಾಡಿಕೊಳ್ಳುತ್ತದೆ. ಆ ತರ್ಜುಮೆ, ಕೊನೆಗೆ ಬರೆಯದೆ ಬಿಸಾಡುವ ಡೀಬಗ್ (ದೋಷ ಹುಡುಕಲು ಬರೆಯುವ) ಸಾಲುಗಳಿಗೂ ನಡೆಯುತ್ತದೆ. ಲಾಗ್‌ಬ್ಯಾಕ್ ಇದ್ದರೆ ಸಂರಚನೆಯಲ್ಲಿ (ಕಾನ್ಫಿಗ್ ಫೈಲಿನಲ್ಲಿ) ಲೆವೆಲ್ ಚೇಂಜ್ ಪ್ರೊಪಗೇಟರ್ ಹಾಕಿ. ಬೇಡದ ಸಾಲು ಮೂಲದಲ್ಲೇ ನಿಲ್ಲುತ್ತದೆ.

ಸೇತುವೆಯ ಎರಡೂ ದಿಕ್ಕನ್ನು ಒಟ್ಟಿಗೆ ಹಾಕಿದರೆ ಸುತ್ತು ಬೀಳುತ್ತದೆ. ಜೆಯುಎಲ್-ಟು-ಎಸ್‌ಎಲ್‌ಎಫ್4ಜೆ ಜೊತೆ ಎಸ್‌ಎಲ್‌ಎಫ್4ಜೆ-ಜೆಡಿಕೆ14, ಅಥವಾ ಲಾಗ್4ಜೆ-ಟು-ಎಸ್‌ಎಲ್‌ಎಫ್4ಜೆ ಜೊತೆ ಲಾಗ್4ಜೆ-ಎಸ್‌ಎಲ್‌ಎಫ್4ಜೆ-ಇಂಪ್ಲ್ ಇಟ್ಟಿರೋ, ಒಂದು ಸಾಲು ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಓಡಾಡಿ ಸ್ಟ್ಯಾಕ್ ಓವರ್‌ಫ್ಲೋ ಎರರ್‌ನಲ್ಲಿ ನಿಲ್ಲುತ್ತದೆ. ಸ್ಪ್ರಿಂಗ್ ಬೂಟ್‌ನಲ್ಲಿ ಲಾಗ್4ಜೆ 2ಕ್ಕೆ ಹೋಗುವಾಗ ಸ್ಟಾರ್ಟರ್-ಲಾಗಿಂಗ್ ಎಕ್ಸ್‌ಕ್ಲೂಡ್ ಮಾಡದಿದ್ದರೆ ಆಗುವ ಪೆಟ್ಟು ಇದೇ ತರಹದ್ದು.

ಶುರುವಿನಲ್ಲಿ ಬರುವ ಎರಡು ಎಚ್ಚರಿಕೆಗಳನ್ನು ಕಡೆಗಣಿಸಬೇಡಿ. ಕ್ಲಾಸ್ ಪಾತ್‌ನಲ್ಲಿ ಒಂದಕ್ಕಿಂತ ಹೆಚ್ಚು ಬೈಂಡಿಂಗ್ ಇದೆ ಎಂದರೆ ಎರಡು ಎಂಜಿನ್ ಕೂತಿವೆ, ನಿಮ್ಮ ಸಂರಚನೆ ಓದದ ಎಂಜಿನ್ ಗೆದ್ದಿರಬಹುದು. ಪ್ರೊವೈಡರ್ ಸಿಗಲಿಲ್ಲ ಎಂದರೆ ಎಂಜಿನ್ನೇ ಇಲ್ಲ, ಎಲ್ಲ ಲಾಗ್ ಗಾಳಿಗೆ ಹೋಗುತ್ತಿದೆ. ಎರಡಕ್ಕೂ ಮದ್ದು ಮಾವೆನ್‌ನ ಡಿಪೆಂಡೆನ್ಸಿ ಟ್ರೀ ತೆಗೆದು ‘ಲಾಗ್’ ಎಂಬ ಪದ ಹುಡುಕುವುದು. ಸಿಕ್ಕು ಬಿಡಿಸಿದ ಮೇಲೆ ಎನ್‌ಫೋರ್ಸರ್ ಪ್ಲಗಿನ್‌ನಲ್ಲಿ ಬೇಡದ ಜಾರ್‌ಗಳನ್ನು ನಿಷೇಧಿತ ಪಟ್ಟಿಗೆ ಸೇರಿಸಿಬಿಡಿ. ಇಲ್ಲವಾದರೆ ಮುಂದಿನ ಲೈಬ್ರರಿ ಅಪ್‌ಡೇಟ್ ಜೊತೆ ಹಿತ್ತಿಲ ಬಾಗಿಲಿನಿಂದ ಮತ್ತೆ ಒಳಗೆ ಬರುತ್ತವೆ.

ಸಂರಚನೆ ಎಲ್ಲಿಡಬೇಕು

ಲಾಗ್‌ಬ್ಯಾಕ್‌ಗೆ ಸಂರಚನೆಯ ಫೈಲೇ ಸಿಗದಿದ್ದರೆ ಅದು ಕನ್ಸೋಲ್‌ಗೆ ಡೀಬಗ್ ಮಟ್ಟದಲ್ಲಿ ಸುರಿಯಲು ಶುರು ಮಾಡುತ್ತದೆ. ಸರ್ವರ್‌ನಲ್ಲಿ ಇದ್ದಕ್ಕಿದ್ದಂತೆ ಡೀಬಗ್ ಸಾಲುಗಳ ಹೊಳೆ ಹರಿದರೆ ಮೊದಲ ಅನುಮಾನ ಇದರ ಮೇಲಿರಲಿ. ಎರಡನೆಯ ಅನುಮಾನ ಲಾಗ್‌ಬ್ಯಾಕ್-ಟೆಸ್ಟ್ ಎಕ್ಸ್‌ಎಂಎಲ್ ಫೈಲ್. ಲಾಗ್‌ಬ್ಯಾಕ್ ಮೊದಲು ಹುಡುಕುವುದು ಅದನ್ನೇ, ಹಾಗಾಗಿ ಅದು ತಪ್ಪಿ ಜಾರ್‌ನೊಳಗೆ ಸೇರಿದ್ದರೆ ಅಸಲಿ ಫೈಲ್ ಮೂಲೆಗೆ ಬೀಳುತ್ತದೆ.

ಫೈಲನ್ನು ಜಾರ್‌ನ ಹೊರಗಿಟ್ಟು ಜೆವಿಎಂ (ಜಾವಾ ಕೋಡನ್ನು ಓಡಿಸುವ ಪ್ರೋಗ್ರಾಂ) ಶುರುವಾಗುವಾಗ ಅದರ ದಾರಿ ಕೊಡಿ. ಸ್ಪ್ರಿಂಗ್ ಬೂಟ್‌ನಲ್ಲಿ ಲಾಗಿಂಗ್ ಡಾಟ್ ಕಾನ್ಫಿಗ್ ಎಂಬ ಗುಣ ಈ ಕೆಲಸ ಮಾಡುತ್ತದೆ. ಆಗ ಮುಧೋಳದ ಕಾಟಾಕ್ಕೂ ಇಂಡಿ ಪಟ್ಟಣದ ಗೋದಾಮಿಗೂ ಜಾರ್ ಒಂದೇ, ಫೈಲ್ ಮಾತ್ರ ಬೇರೆ. ಲಾಗ್‌ಬ್ಯಾಕ್‌ನಲ್ಲಿ ಫೈಲ್ ಬದಲಾಯಿತೇ ಎಂದು ನೋಡುವ ಸ್ಕ್ಯಾನ್ ಚಾಲೂ ಮಾಡಿ ಅವಧಿ 30 ಸೆಕೆಂಡ್ ಇಟ್ಟರೆ (ಲಾಗ್4ಜೆ 2ರಲ್ಲಿ ಮಾನಿಟರ್ ಇಂಟರ್‌ವಲ್ 30) ಅಪ್ಲಿಕೇಶನ್ ನಿಲ್ಲಿಸದೆ ಮಟ್ಟ ಬದಲಿಸಬಹುದು. ಹಂಗಾಮಿನ ನಡುವೆ ಕಾಟಾ ನಿಲ್ಲಿಸಿ ಎಂದು ಕೇಳುವ ಧೈರ್ಯ ಯಾರಿಗಿದೆ?

ಒಂದು ಕೊಕ್ಕೆ ಇದೆ. ಲಾಗ್‌ಬ್ಯಾಕ್-ಸ್ಪ್ರಿಂಗ್ ಎಂಬ ಹೆಸರಿನ ಫೈಲಿನೊಳಗೆ ಪ್ರೊಫೈಲ್‌ಗೆ (ಟೆಸ್ಟ್, ಸರ್ವರ್ ಎಂಬಂಥ ಪರಿಸರಕ್ಕೆ) ತಕ್ಕಂತೆ ಭಾಗ ಬರೆಯುವ ಸೌಲಭ್ಯ ಬಳಸಿದರೆ ಸ್ಕ್ಯಾನ್ ಜೊತೆ ಹೊಂದುವುದಿಲ್ಲ. ಎರಡರಲ್ಲಿ ಒಂದನ್ನೇ ಆರಿಸಬೇಕು. ಪ್ರೊಫೈಲ್ ಬೇಕೆನ್ನುವವರು ಸ್ಪ್ರಿಂಗ್ ಬೂಟ್‌ನ ನಿಗಾ ಭಾಗವಾದ ಆಕ್ಚುಯೇಟರ್‌ನ ಲಾಗರ್ಸ್ ಎಂಡ್‌ಪಾಯಿಂಟ್‌ನಿಂದ (ವೆಬ್ ವಿಳಾಸದಿಂದ) ಮಟ್ಟ ಬದಲಿಸಿಕೊಳ್ಳಲಿ. ಅಲ್ಲಿ ಮಾಡಿದ ಬದಲಾವಣೆ ರೀಸ್ಟಾರ್ಟ್ ಆದರೆ ಅಳಿಸಿಹೋಗುತ್ತದೆ, ಇದು ಒಳ್ಳೆಯದೇ; ಡೀಬಗ್ ಹಚ್ಚಿ ಮರೆತದ್ದು ತಾನಾಗಿ ಆರುತ್ತದೆ. ಪಾಸ್‌ವರ್ಡ್ ಇಲ್ಲದೆ ಆ ಎಂಡ್‌ಪಾಯಿಂಟ್ ತೆರೆದಿಡಬೇಡಿ.

ಸಾಲು ಬರೆಯುವ ರೀತಿ

ಮಟ್ಟಗಳನ್ನು ತಂಡ ಕೂತು ಒಮ್ಮೆ ಗೊತ್ತು ಮಾಡಿಕೊಳ್ಳಬೇಕು. ಯಾರಾದರೂ ರಾತ್ರಿ ಎದ್ದು ನೋಡಲೇಬೇಕಾದದ್ದು ಎರರ್. ಬೆಳಿಗ್ಗೆ ನೋಡಿದರೆ ನಡೆಯುತ್ತದೆ ಎನ್ನುವುದು ವಾರ್ನ್. ಗಾಡಿ ಬಂತು, ತೂಕ ಆಯಿತು, ಚೀಟಿ ಮುದ್ರಣವಾಯಿತು ಇವು ಇನ್ಫೋ. ಇಂಡಿಕೇಟರ್‌ನಿಂದ ಬಂದ ಒಂದೊಂದು ಓದು ಡೀಬಗ್ ಅಥವಾ ಟ್ರೇಸ್. ಡ್ರೈವರ್ ತಪ್ಪು ಗಾಡಿ ನಂಬರ್ ಕೊಟ್ಟದ್ದನ್ನು ಎರರ್ ಎಂದು ಬರೆದರೆ ಎರಡು ವಾರದಲ್ಲಿ ಎರರ್ ಎಂಬ ಪದಕ್ಕೇ ಯಾರೂ ಕಿವಿಗೊಡುವುದಿಲ್ಲ.

ಸಂದೇಶವನ್ನು ಪ್ಲಸ್ ಚಿಹ್ನೆ ಹಾಕಿ ಪೋಣಿಸಬೇಡಿ. ಖಾಲಿ ಕರ್ಲಿ ಬ್ರಾಕೆಟ್ ಜೋಡಿ ಇಟ್ಟು ಬೆಲೆಗಳನ್ನು (ವ್ಯಾಲ್ಯೂಗಳನ್ನು) ಬೇರೆಯಾಗಿ ಕೊಡಿ (ಗ್ರಾಸ್ ಎಂದರೆ ತುಂಬಿದ ಗಾಡಿಯ ತೂಕ, ಟೇರ್ ಎಂದರೆ ಖಾಲಿ ಗಾಡಿಯದು):

ಲಾಗ್.ಇನ್ಫೋ("ಗಾಡಿ {} ಗ್ರಾಸ್ {} ಕೆಜಿ ಟೇರ್ {} ಕೆಜಿ", ಗಾಡಿನಂ, ಗ್ರಾಸ್, ಟೇರ್)

ಮಟ್ಟ ಬಂದ್ ಇದ್ದರೆ ಸಂದೇಶ ಕಟ್ಟುವ ಖರ್ಚೇ ಇರುವುದಿಲ್ಲ. ಆದರೆ ಬ್ರಾಕೆಟ್‌ಗೆ ಕೊಡುವ ಬೆಲೆಯ ಜಾಗದಲ್ಲಿ ಡೇಟಾಬೇಸ್ ಓದುವ ಮೆಥಡ್ ಕರೆದಿದ್ದರೆ, ಲಾಗ್ ಬರೆಯಲಿ ಬಿಡಲಿ, ಆ ಮೆಥಡ್ ಓಡಿಯೇ ಓಡುತ್ತದೆ. ಅಂಥ ಕಡೆ ಎಸ್‌ಎಲ್‌ಎಫ್4ಜೆ 2.0ರ ಅಟ್‌ಡೀಬಗ್ ಕರೆದು ಆರ್ಗ್ಯುಮೆಂಟನ್ನು ಲ್ಯಾಂಬ್ಡಾ (ಬೇಕಾದಾಗ ಮಾತ್ರ ಓಡುವ ಕೋಡಿನ ತುಣುಕು) ಆಗಿ ಕೊಡಿ. ಹಳೆಯ ಆವೃತ್ತಿಯಾದರೆ ಡೀಬಗ್ ಚಾಲೂ ಇದೆಯೇ ಎಂದು ಮೊದಲು ಕೇಳಿ.

ಎಕ್ಸೆಪ್ಶನ್ (ಓಡುವಾಗ ಎದ್ದ ದೋಷ) ವಿಷಯದಲ್ಲಿ ಆಗುವ ತಪ್ಪೇ ಎಲ್ಲಕ್ಕಿಂತ ದುಬಾರಿ. ಗೆಟ್‌ಮೆಸೇಜ್ ಮಾತ್ರ ಬರೆದರೆ ಮೇಲೆ ಹೇಳಿದ ‘ಎರರ್: ನಲ್’ ಹುಟ್ಟುತ್ತದೆ, ಏಕೆಂದರೆ ಬಹಳ ಎಕ್ಸೆಪ್ಶನ್‌ಗಳಿಗೆ ಸಂದೇಶವೇ ಇರುವುದಿಲ್ಲ. ಎಕ್ಸೆಪ್ಶನ್ ವಸ್ತುವನ್ನೇ ಕೊನೆಯ ಆರ್ಗ್ಯುಮೆಂಟ್ ಆಗಿ ಕೊಡಿ, ಅದಕ್ಕೆ ಬ್ರಾಕೆಟ್ ಇಡಬೇಡಿ. ಪೂರ್ತಿ ಸ್ಟ್ಯಾಕ್ ಟ್ರೇಸ್, ಅಂದರೆ ದೋಷ ಎಲ್ಲಿಂದ ಬಂತೆಂಬ ಕರೆಗಳ ಪಟ್ಟಿ, ಬರುತ್ತದೆ. ಹಿಡಿದು, ಲಾಗ್ ಮಾಡಿ, ಮತ್ತೆ ಎಸೆಯುವುದು ಬೇಡ. ಮೂರು ಪದರದಲ್ಲಿ ಮೂವರು ಹಾಗೆ ಮಾಡಿದರೆ ಒಂದು ದೋಷ ಮೂರಾಗಿ ಕಾಣುತ್ತದೆ.

ಹಳಬರನ್ನೂ ತಲೆ ಕೆಡಿಸುವ ಇನ್ನೊಂದಿದೆ: ನಲ್ ಪಾಯಿಂಟರ್ ಎಕ್ಸೆಪ್ಶನ್ ಎಂಬ ಹೆಸರಿದೆ, ಕೆಳಗೆ ಟ್ರೇಸ್ ಒಂದು ಸಾಲೂ ಇಲ್ಲ. ಇದು ಲಾಗರ್‌ನ ತಪ್ಪಲ್ಲ. ಒಂದೇ ಜಾಗದಿಂದ ಅದೇ ಎಕ್ಸೆಪ್ಶನ್ ಸಾವಿರಾರು ಸಲ ಬಂದಾಗ ಜೆವಿಎಂ ವೇಗಕ್ಕಾಗಿ ಟ್ರೇಸ್ ಇಲ್ಲದ ಸಿದ್ಧ ವಸ್ತುವನ್ನು ಎಸೆಯತೊಡಗುತ್ತದೆ. ಹಳೆಯ ಫೈಲುಗಳಲ್ಲಿ ಹಿಂದೆ ಹೋಗಿ ಮೊದಲ ಸಲ ಬಂದದ್ದನ್ನು ಹುಡುಕಿ, ಅಲ್ಲಿ ಪೂರ್ತಿ ಇರುತ್ತದೆ. ಓಮಿಟ್ ಸ್ಟ್ಯಾಕ್ ಟ್ರೇಸ್ ಇನ್ ಫಾಸ್ಟ್ ಥ್ರೋ ಎಂಬ ಜೆವಿಎಂ ಆಯ್ಕೆಯನ್ನು ಮೈನಸ್ ಹಾಕಿ ಬಂದ್ ಮಾಡಿದರೆ ಈ ಕಾಟವೇ ಇಲ್ಲ.

ವಿಜಯಪುರದ ಸಹಕಾರಿ ಸಂಘಕ್ಕೆ ಪಿಗ್ಮಿ ಕಲೆಕ್ಷನ್ ಆ್ಯಪ್ ಮಾಡುವವರು ಬರೆಯಬಾರದ್ದರ ಪಟ್ಟಿಯನ್ನು ಮೊದಲು ಮಾಡಲಿ. ಒಟಿಪಿ, ಪಿನ್, ಆಧಾರ್ ಸಂಖ್ಯೆ ಯಾವ ಮಟ್ಟದಲ್ಲೂ ಬೇಡ. ಖಾತೆ ಮತ್ತು ಮೊಬೈಲ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಸಾಕು. ಇವನ್ನು ಲಾಗ್ ಫೈಲಿನ ಪ್ಯಾಟರ್ನ್‌ನಲ್ಲಿ (ಸಾಲಿನ ಆಕಾರ ಹೇಳುವ ಮಾದರಿಯಲ್ಲಿ) ಬದಲಿಸಿ ಮುಚ್ಚುವುದಕ್ಕಿಂತ ವಸ್ತುವಿನ ಟುಸ್ಟ್ರಿಂಗ್ ಮೆಥಡ್‌ನಲ್ಲೇ ಮುಚ್ಚುವುದು ಗಟ್ಟಿ. ಬಳಕೆದಾರ ತುಂಬಿದ ಪಠ್ಯದಲ್ಲಿ ಹೊಸಸಾಲಿನ ಚಿಹ್ನೆ ಇದ್ದರೆ ಸುಳ್ಳು ಲಾಗ್ ಸಾಲನ್ನೇ ಸೃಷ್ಟಿಸಬಹುದು. ಲಾಗ್‌ಬ್ಯಾಕ್ ಪ್ಯಾಟರ್ನ್‌ನ ರಿಪ್ಲೇಸ್ ಬಳಸಿ ಸಂದೇಶದೊಳಗಿನ ಸಾಲುಮುರಿತಗಳನ್ನು ಅಡಿಗೆರೆಗೆ ಬದಲಿಸಿ.

ಡಿಸ್ಕಿನ ಲೆಕ್ಕ

ಇಲ್ಲಿ ಕಾಗದ ಪೆನ್ನು ಹಿಡಿದು ಕೂರಬೇಕು. ದಿನಕ್ಕೆ 800 ಗಾಡಿ, ಗಾಡಿಗೆ 40 ಸಾಲು ಇನ್ಫೋ, ಸಾಲಿಗೆ 200 ಬೈಟ್ ಎಂದಿಟ್ಟುಕೊಳ್ಳಿ. ದಿನಕ್ಕೆ 32,000 ಸಾಲು, ಸುಮಾರು 6.4 ಎಂಬಿ. 180 ದಿನಕ್ಕೆ 1.2 ಜಿಬಿ ಒಳಗೇ ಮುಗಿಯಿತು. ಈಗ ಇಂಡಿಕೇಟರ್ ಓದುಗಳ ಡೀಬಗ್ ಚಾಲೂ ಮಾಡಿ. ಸೆಕೆಂಡಿಗೆ 10 ಓದು ಅಂದರೆ ದಿನಕ್ಕೆ 8,64,000 ಸಾಲು. 150 ಬೈಟ್‌ನಂತೆ ಒಂದು ಕಾಟಾಕ್ಕೆ 130 ಎಂಬಿ, ನಾಲ್ಕು ಕಾಟಾಕ್ಕೆ 518 ಎಂಬಿ. 150 ದಿನದ ಹಂಗಾಮಿಗೆ 78 ಜಿಬಿ ಹತ್ತಿರ. ಕಾಟಾ ಕೋಣೆಯ ಪಿಸಿಯಲ್ಲಿ 120 ಜಿಬಿ ಎಸ್‌ಎಸ್‌ಡಿ ಇದ್ದರೆ, ಅದರಲ್ಲಿ ಡೇಟಾಬೇಸ್ ಕೂಡ ಇದ್ದರೆ, ಮುಂದಿನದನ್ನು ಹೇಳಬೇಕಿಲ್ಲ. ಡಿಸ್ಕ್ ತುಂಬಿದ ದಿನ ಲಾಗ್ ಜೊತೆ ತೂಕವೂ ನಿಲ್ಲುತ್ತದೆ.

ಲಾಗ್‌ಬ್ಯಾಕ್‌ನಲ್ಲಿ ಸೈಜ್ ಅಂಡ್ ಟೈಮ್ ಬೇಸ್ಡ್ ರೋಲಿಂಗ್ ಪಾಲಿಸಿ ಬಳಸಿ. ಫೈಲ್ ಹೆಸರಿನ ಮಾದರಿಯಲ್ಲಿ ದಿನಾಂಕದ ಗುರುತು ಮತ್ತು ಕ್ರಮಸಂಖ್ಯೆಯ ಗುರುತು ಎರಡೂ ಇರಬೇಕು; ಕ್ರಮಸಂಖ್ಯೆ ಬಿಟ್ಟರೆ ಪಾಲಿಸಿ ಶುರುವೇ ಆಗುವುದಿಲ್ಲ. ಹೆಸರಿನ ಕೊನೆಗೆ ಜಿಜೆಡ್ ಎಂದು ಬರೆದರೆ ಮುಗಿದ ಫೈಲನ್ನು ತಾನೇ ಕುಗ್ಗಿಸುತ್ತದೆ. ಗರಿಷ್ಠ ಗಾತ್ರ 50 ಎಂಬಿ ಇಡಿ. ಅದಕ್ಕಿಂತ ದೊಡ್ಡದಾದರೆ ಕಾಟಾ ಕೋಣೆಯ ನೋಟ್‌ಪ್ಯಾಡ್ ಉಸಿರುಗಟ್ಟುತ್ತದೆ.

ಮ್ಯಾಕ್ಸ್ ಹಿಸ್ಟರಿಯ ಅಂಕಿ ಎಷ್ಟು ದಿನ ಎಂದು ಹೇಳುವುದಿಲ್ಲ, ಎಷ್ಟು ಅವಧಿ ಎಂದು ಹೇಳುತ್ತದೆ. ಹೆಸರಿನ ಮಾದರಿ ದಿನದವರೆಗೆ ಇದ್ದರೆ 180 ಎಂದರೆ 180 ದಿನ. ಮಾದರಿಯಲ್ಲಿ ಗಂಟೆಯನ್ನೂ ಸೇರಿಸಿದ್ದರೆ ಅದೇ 180 ಎಂದರೆ ಏಳೂವರೆ ದಿನ. ಜನವರಿಯ ತೂಕದ ತಕರಾರು ಮಾರ್ಚ್‌ನಲ್ಲಿ ಬಂದಾಗ ಫೈಲ್ ಇಲ್ಲ ಎಂಬುದು ಗೊತ್ತಾಗುವುದು ಹೀಗೆ.

180 ಎಂಬ ಅಂಕಿಗೆ ಕಾರಣವಿದೆ. ಭಾರತ ಸರಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಏಪ್ರಿಲ್ 28, 2022ರಂದು ಹೊರಡಿಸಿದ ನಿರ್ದೇಶನದಂತೆ ಸೇವಾ ಪೂರೈಕೆದಾರರು, ಡೇಟಾ ಸೆಂಟರ್‌ಗಳು, ಕಾರ್ಪೊರೇಟ್ ಸಂಸ್ಥೆಗಳು, ಸರಕಾರಿ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು ಸರದಿಯಂತೆ 180 ದಿನ ಭಾರತದೊಳಗೆ ಇಟ್ಟುಕೊಳ್ಳಬೇಕು, ಗಡಿಯಾರಗಳನ್ನು ಎನ್‌ಟಿಪಿಗೆ (ಜಾಲದ ಮೂಲಕ ಸಮಯ ಕೊಡುವ ವ್ಯವಸ್ಥೆಗೆ) ಹೊಂದಿಸಬೇಕು. ಇದರ ಜೊತೆ ಟೋಟಲ್ ಸೈಜ್ ಕ್ಯಾಪ್ ಹೊಂದಿಸುವುದು ಸೂಕ್ಷ್ಮ. ಒಟ್ಟು ಗಾತ್ರ ಮಿತಿ ಮೀರಿದರೆ 180 ದಿನ ಆಗಿರಲಿ ಬಿಡಲಿ, ಹಳೆಯ ಫೈಲ್ ಅಳಿಸಿಬಿಡುತ್ತದೆ. ಆದ್ದರಿಂದ ಎರಡು ಫೈಲ್ ಮಾಡಿ. ಇನ್ಫೋ ಮೇಲಿನದಕ್ಕೆ ಒಂದು, 180 ಅವಧಿ, ಲೆಕ್ಕಕ್ಕಿಂತ ಮೂರು ಪಟ್ಟು ದೊಡ್ಡ ಮಿತಿ. ಡೀಬಗ್‌ಗೆ ಇನ್ನೊಂದು, ಮೂರು ದಿನ, 2 ಜಿಬಿ ಮಿತಿ. ಟೋಟಲ್ ಸೈಜ್ ಕ್ಯಾಪ್ ಕೆಲಸ ಮಾಡಲು ಮ್ಯಾಕ್ಸ್ ಹಿಸ್ಟರಿಯೂ ಇರಲೇಬೇಕು.

ಲಿನಕ್ಸ್‌ನಲ್ಲಿ ಲಾಗ್ ಫೈಲನ್ನು ತಿರುಗಿಸುವ (ಹಳೆಯದನ್ನು ಸರಿಸಿ ಹೊಸದು ತೆರೆಯುವ) ಲಾಗ್‌ರೊಟೇಟ್ ಮತ್ತು ಲಾಗ್‌ಬ್ಯಾಕ್ ಎರಡಕ್ಕೂ ಒಂದೇ ಫೈಲನ್ನು ಒಪ್ಪಿಸಬೇಡಿ. ತುಂಬಿದ ಡಿಸ್ಕ್ ಬಿಡಿಸಲು ಓಡುತ್ತಿರುವ ಲಾಗ್ ಫೈಲನ್ನು ಅಳಿಸಿದರೂ ಜಾಗ ವಾಪಸ್ ಬರುವುದಿಲ್ಲ. ಜೆವಿಎಂ ಅದನ್ನು ಹಿಡಿದುಕೊಂಡೇ ಇರುತ್ತದೆ. ಅಳಿಸುವ ಬದಲು ಟ್ರಂಕೇಟ್ ಮಾಡಿ, ಅಂದರೆ ಒಳಗಿನದನ್ನು ಖಾಲಿ ಮಾಡಿ. ಡಾಕರ್‌ನಲ್ಲಿ ಓಡಿಸುವುದಾದರೆ ಫೈಲ್ ಗೊಡವೆಯೇ ಬೇಡ, ಕನ್ಸೋಲ್‌ಗೆ ಬರೆಯಿರಿ. ಆದರೆ ಡಾಕರ್‌ನ ಜೆಸಾನ್-ಫೈಲ್ ಡ್ರೈವರ್ ಹೇಳದ ಹೊರತು ಫೈಲ್ ತಿರುಗಿಸುವುದಿಲ್ಲ. ಮ್ಯಾಕ್ಸ್-ಸೈಜ್, ಮ್ಯಾಕ್ಸ್-ಫೈಲ್ ಕೊಡದಿದ್ದರೆ ಅದೇ ಸಮಸ್ಯೆ ಜಾಗ ಬದಲಿಸಿ ಕೂತಿರುತ್ತದೆ.

ಅಸಿಂಕ್ ಹಾಕುವ ಮುನ್ನ

ಡಿಸ್ಕ್ ನಿಧಾನವಾದರೂ ಕಾಟಾ ನಿಲ್ಲಬಾರದೆಂದು ಲಾಗ್‌ಬ್ಯಾಕ್‌ನ ಅಸಿಂಕ್ ಅಪೆಂಡರ್ ಹಾಕುತ್ತಾರೆ. ಅದರ ಸರದಿಯಲ್ಲಿ ತಾನಾಗಿ 256 ಸಾಲಿಗೆ ಜಾಗ. ಜಾಗ ಶೇ. 20ಕ್ಕಿಂತ ಕಡಿಮೆ ಉಳಿದಾಗ ಅದು ಟ್ರೇಸ್, ಡೀಬಗ್, ಇನ್ಫೋ ಸಾಲುಗಳನ್ನು ಸದ್ದಿಲ್ಲದೆ ಬಿಸಾಡುತ್ತದೆ, ವಾರ್ನ್ ಮತ್ತು ಎರರ್ ಮಾತ್ರ ಉಳಿಸಿಕೊಳ್ಳುತ್ತದೆ. ತೂಕದ ಸಾಲುಗಳು ಇನ್ಫೋದಲ್ಲಿವೆ ಎಂಬುದನ್ನು ಮರೆಯಬೇಡಿ. ಗಾಡಿಗಳ ದಟ್ಟಣೆ ಹೆಚ್ಚಿದಷ್ಟೂ ಸರದಿ ತುಂಬುತ್ತದೆ, ಅಂದರೆ ಸಾಕ್ಷಿ ಬೇಕಾದ ಹೊತ್ತಿನಲ್ಲೇ ಸಾಕ್ಷಿ ಮಾಯ.

ಡಿಸ್ಕಾರ್ಡಿಂಗ್ ಥ್ರೆಶೋಲ್ಡ್ ಸೊನ್ನೆ ಮಾಡಿದರೆ ಏನನ್ನೂ ಬಿಸಾಡುವುದಿಲ್ಲ. ಸರದಿ ತುಂಬಿದರೆ ಕೋಡು ಕಾಯುತ್ತದೆ. ಸರದಿಯನ್ನು 2,048ರಷ್ಟು ಹಿಗ್ಗಿಸಿ. ತೂಕದ ಸಾಲುಗಳಿಗಂತೂ ಬೇರೆ ಹೆಸರಿನ ಲಾಗರ್, ಬೇರೆ ಫೈಲ್, ಅಸಿಂಕ್ ಇಲ್ಲ, ಅಡಿಟಿವಿಟಿ ಫಾಲ್ಸ್ (ಅದೇ ಸಾಲು ಸಾಮಾನ್ಯ ಫೈಲಿಗೂ ಹೋಗದಂತೆ). ದಿನಕ್ಕೆ 800 ಗಾಡಿಗೆ ಅಸಿಂಕ್‌ನ ಹಂಗೇಕೆ? ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ ಸರದಿಯಲ್ಲಿದ್ದದ್ದು ಹೇಗೂ ಹೋಯಿತು. ಇಷ್ಟಾದರೂ ರೈತನ ಬಿಲ್ಲಿಗೆ ಆಧಾರ ಡೇಟಾಬೇಸ್‌ನ ದಾಖಲೆಯೇ ಆಗಿರಬೇಕು. ಲಾಗ್ ಅದರ ಪಕ್ಕ ನಿಲ್ಲುವ ಸಾಕ್ಷಿ.

ಪ್ಯಾಟರ್ನ್‌ನಲ್ಲಿ ಸಾಲಿನ ಸಂಖ್ಯೆ, ಮೆಥಡ್ ಹೆಸರು ಹಾಕುವ ಆಸೆ ಬಿಡಿ. ಅವನ್ನು ತಿಳಿಯಲು ಪ್ರತಿ ಸಾಲಿಗೂ ಸ್ಟ್ಯಾಕ್ ಕೆದಕಬೇಕಾಗುತ್ತದೆ, ಅಸಿಂಕ್‌ನ ಲಾಭವೆಲ್ಲ ಅಲ್ಲೇ ಕರಗುತ್ತದೆ. ಲಾಗರ್ ಹೆಸರು ಸಾಕು.

ಯಾವ ಗಾಡಿಯ ಸಾಲು ಯಾವುದು

ನಾಲ್ಕು ಕಾಟಾ ಒಟ್ಟಿಗೆ ಬರೆಯುವಾಗ ಸಾಲುಗಳು ಹೆಣೆದುಕೊಳ್ಳುತ್ತವೆ. ಎಂಡಿಸಿ (ಸಾಲುಗಳಿಗೆ ಗುರುತು ಅಂಟಿಸುವ ಸೌಲಭ್ಯ) ಇದಕ್ಕೇ ಇದೆ. ಗಾಡಿ ಕಾಟಾ ಏರಿದಾಗ ಟೋಕನ್ ಸಂಖ್ಯೆ ಮತ್ತು ಕಾಟಾ ಸಂಖ್ಯೆಯನ್ನು ಎಂಡಿಸಿಗೆ ಹಾಕಿ, ಪ್ಯಾಟರ್ನ್‌ನಲ್ಲಿ ಅವಕ್ಕೆ ಜಾಗ ಕೊಡಿ. ಆ ಥ್ರೆಡ್‌ನ (ಪ್ರೋಗ್ರಾಂನೊಳಗಿನ ಒಂದು ಕೆಲಸದ ಎಳೆಯ) ಪ್ರತಿ ಸಾಲಿಗೂ ತಾನಾಗಿ ಅಂಟಿಕೊಳ್ಳುತ್ತವೆ. ಇಳಿದಾಗ ತೆಗೆಯಲೇಬೇಕು. ಥ್ರೆಡ್ ಪೂಲ್‌ಗೆ ಮರಳಿ ಮುಂದಿನ ಗಾಡಿಗೆ ಬಂದಾಗ ಹಳೆಯ ಟೋಕನ್ ಉಳಿದಿದ್ದರೆ ಒಬ್ಬ ರೈತನ ತೂಕ ಇನ್ನೊಬ್ಬನ ಹೆಸರಿನಲ್ಲಿ ಕಾಣುತ್ತದೆ. ಪುಟ್‌ಕ್ಲೋಸಬಲ್ ಅನ್ನು ಟ್ರೈ-ವಿತ್-ರಿಸೋರ್ಸಸ್ ಒಳಗೆ ಬರೆದರೆ ತೆಗೆಯುವುದನ್ನು ಮರೆಯುವ ಮಾತೇ ಇಲ್ಲ. ಕೆಲಸವನ್ನು ಬೇರೆ ಥ್ರೆಡ್‌ಗೆ ಒಪ್ಪಿಸುವಾಗ ಎಂಡಿಸಿ ಜೊತೆಗೆ ಹೋಗುವುದಿಲ್ಲ. ಅದರ ಪ್ರತಿಯನ್ನು ಕೈಯಾರೆ ತೆಗೆದುಕೊಂಡು ಆ ಕಡೆ ಇಳಿಸಬೇಕು.

ಜೆಸಾನ್ ಬೇಕಾದ ದಿನ ಬಂದರೆ ಲಾಗ್‌ಸ್ಟ್ಯಾಶ್-ಲಾಗ್‌ಬ್ಯಾಕ್-ಎನ್‌ಕೋಡರ್, ಅಥವಾ ಲಾಗ್4ಜೆ 2ರ ಜೆಸಾನ್ ಟೆಂಪ್ಲೇಟ್ ಲೇಔಟ್. ಸ್ಪ್ರಿಂಗ್ ಬೂಟ್ 3.4ರಿಂದ ಬರೀ ಒಂದು ಗುಣ ಬರೆದರೆ ಆಯಿತು. ಎಂಡಿಸಿಯ ಟೋಕನ್ ತಾನಾಗಿ ಪ್ರತ್ಯೇಕ ಫೀಲ್ಡ್ ಆಗುತ್ತದೆ, ಕೋಡು ಮುಟ್ಟುವ ಕೆಲಸವಿಲ್ಲ.

ಕನ್ನಡದ ಹೆಸರು, ನಮ್ಮ ಗಡಿಯಾರ

ರೈತರ ಹೆಸರು, ಊರಿನ ಹೆಸರು ಕನ್ನಡದಲ್ಲಿರುವಾಗ ಎನ್‌ಕೋಡರ್‌ನಲ್ಲಿ ಚಾರ್‌ಸೆಟ್ (ಅಕ್ಷರಗಳನ್ನು ಬೈಟ್ ಮಾಡುವ ಕ್ರಮ) ಯುಟಿಎಫ್-8 ಎಂದು ಬರೆಯಲೇಬೇಕು. ಜಾವಾ 18ರಿಂದ ಅದು ತಾನಾಗಿ ಇರುತ್ತದೆ. ಆದರೆ ಕಾಟಾ ಕೋಣೆಯ ವಿಂಡೋಸ್‌ನಲ್ಲಿ ಜಾವಾ 8 ಇದ್ದರೆ ಅದು ವಿಂಡೋಸ್‌ನ ಕೋಡ್‌ಪೇಜ್ ಹಿಡಿಯುತ್ತದೆ, ಅದರಲ್ಲಿ ಕನ್ನಡ ಇಲ್ಲ. ಫೈಲಿನಲ್ಲಿ ಕಾಣುವುದನ್ನು ನೋಡಿ ರೋಗ ಹೇಳಬಹುದು. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಹೆಸರು ಬರೆಯುವಾಗಲೇ ಸತ್ತಿದೆ, ಮರಳಿ ಬರುವುದಿಲ್ಲ. ತಲೆಯ ಮೇಲೆ ಓರೆ ಗೆರೆ ಹೊತ್ತ ವಿಚಿತ್ರ ಲ್ಯಾಟಿನ್ ಅಕ್ಷರಗಳು ಕಂಡರೆ ಡೇಟಾ ಸರಿ ಇದೆ, ತೆರೆದ ಎಡಿಟರ್ ತಪ್ಪಾಗಿ ಓದುತ್ತಿದೆ. ಖಾಲಿ ಚೌಕಗಳಾದರೆ ಫಾಂಟ್ ಇಲ್ಲ, ಅಷ್ಟೇ. ಗಾತ್ರದ ಲೆಕ್ಕದಲ್ಲೂ ನೆನಪಿರಲಿ: ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತ ಮೂರು ಬೈಟ್. ‘ಬಾಗಲಕೋಟೆ’ ಎಂಟು ಸಂಕೇತ, 24 ಬೈಟ್.

ಕ್ಲೌಡ್ ಸರ್ವರ್‌ಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿ ಇರುತ್ತದೆ, ನಮಗಿಂತ ಐದೂವರೆ ತಾಸು ಹಿಂದೆ. ಬೆಳಗಿನ ಜಾವ ಎರಡಕ್ಕೆ ತೂಗಿದ ಗಾಡಿ ಹಿಂದಿನ ದಿನದ ಫೈಲಿನಲ್ಲಿ ರಾತ್ರಿ 20:30 ಎಂದು ಬಿದ್ದಿರುತ್ತದೆ. ಚೀಟಿಯ ಮೇಲಿನ ತಾರೀಖು ಹಿಡಿದು ಹುಡುಕಿದವರಿಗೆ ಗಾಡಿಯೇ ಬಂದಿಲ್ಲ ಎನಿಸುತ್ತದೆ. ಪ್ಯಾಟರ್ನ್‌ನ ದಿನಾಂಕದಲ್ಲೂ ಫೈಲ್ ಹೆಸರಿನ ದಿನಾಂಕದಲ್ಲೂ ಏಷ್ಯಾ/ಕೋಲ್ಕತಾ ಎಂದು ವಲಯ ಬರೆಯಿರಿ. ಪ್ಯಾಟರ್ನ್‌ನಲ್ಲಿ ಬರೆದು ಫೈಲ್ ಹೆಸರಿನಲ್ಲಿ ಬಿಟ್ಟರೆ ಬೆಳಗಿನ ಐದೂವರೆಗೆ ಫೈಲ್ ತಿರುಗುತ್ತದೆ.

ಬಾಯ್ಲರ್ ಪ್ರದೀಪನದ ಪೂಜೆಗೆ ಮುಂಚಿನ ವಾರದಲ್ಲಿ ಅರ್ಧ ದಿನ ಬಿಡುವು ಮಾಡಿಕೊಂಡು ಇಷ್ಟನ್ನು ಕೈಯಾರೆ ಮಾಡಿ ನೋಡಿ. ಟೆಸ್ಟ್ ಯಂತ್ರದಲ್ಲಿ ಲಾಗ್‌ಗೆ 100 ಎಂಬಿಯ ಪುಟ್ಟ ವಿಭಾಗ ಕೊಟ್ಟು ತುಂಬಿಸಿ, ತೂಕ ನಿಲ್ಲುತ್ತದೆಯೋ ನೋಡಿ. ಸಂರಚನೆಯಲ್ಲಿ ಬೇಕೆಂದೇ ಒಂದು ಟ್ಯಾಗ್ ತಪ್ಪು ಬರೆದು ಲಾಗ್‌ಬ್ಯಾಕ್‌ನ ಸ್ಟೇಟಸ್ ಸಂದೇಶ ಕಾಣುತ್ತದೆಯೋ ಪರೀಕ್ಷಿಸಿ. ಡೀಬಗ್ ಹಚ್ಚಿ, 30 ಸೆಕೆಂಡ್ ಕಾದು, ಆರಿಸಿ. ಇಂಡಿಕೇಟರ್‌ನ ಸೀರಿಯಲ್ ಕೇಬಲ್ ಕಿತ್ತು ಬರುವ ಎರರ್ ಸಾಲನ್ನು, ಕೋಡು ಗೊತ್ತಿಲ್ಲದ ಕಾಟಾ ಆಪರೇಟರ್‌ಗೆ ಫೋನಿನಲ್ಲಿ ಓದಲು ಹೇಳಿ. ಅವನು ಓದಿದ್ದು ಕೇಳಿಯೇ ಯಾವ ಕಾಟಾ, ಯಾವ ಟೋಕನ್, ಯಾವ ಪೋರ್ಟ್ ಎಂದು ಗೊತ್ತಾಗದಿದ್ದರೆ ಆ ಸಾಲನ್ನು ಅವತ್ತೇ ತಿದ್ದಿ.